ಮನಿ ಬಾಗಿಲಿಗೆ ಬರೋ ಮೋಸ, ಲೆಕ್ಕದಾಗ ಇಲ್ಲದ ಖರ್ಚು: ಏನು ಕೇಳಬೇಕು, ಏನು ಅಳೀಬೇಕು

ಸೆಕ್ಟರ್‌ಕಟ್ಟಿ | ನವನಗರ, ಬಾಗಲಕೋಟೆ

ದೀಪಾವಳಿ ಮುಗೀತಂದ್ರ ಮನಿ ಕೆಲಸದ ಸುಗ್ಗಿ. ಬೋರ್ ಏಜೆಂಟರು, ನೀರಿನ ಫಿಲ್ಟರ್‌ನವರು, ಸೋಲಾರ್‌ನವರು, ಗ್ಯಾಸ್ ಚೆಕಿಂಗ್ ಅಂತ ಬ್ಯಾಗ್ ಹಾಕ್ಕೊಂಡು ಬರೋರು, ಎಲ್ಲಾರೂ ಒಮ್ಮೆಲೇ ಓಣಿಗಿಳೀತಾರ. ಒಂದೊಂದು ಕಸಬು ಗೊತ್ತಿದ್ದವರು ಅದರೊಳಗ ರೊಕ್ಕ ಎಲ್ಲಿ ಜಾರತೈತಿ ಅನ್ನೋದನ್ನ ಇಲ್ಲಿ ಹಾಕ್ರಿ. ಕತಿ ಬ್ಯಾಡ. ಟೇಪ್, ತಕ್ಕಡಿ, ಮೀಟರ್, ಕಾಗದ, ಈ ನಾಕರಾಗ ತೋರಿಸಾಕ ಬರೋದಷ್ಟ ಸಾಕು.

ಮೊದಲನೇದು ಎಲ್ಲಾರ ಫೋನಿಗೂ ಬರೋದು: "ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ಇಂದು ರಾತ್ರಿ 9.30ಕ್ಕೆ ಕರೆಂಟ್ ಕಟ್, ಈ ನಂಬರಿಗೆ ಕರೆ ಮಾಡಿ." ಇದಕ್ಕ ಯಾರರೆ ಸರಿಯಾಗಿ ಬರೀರಿ.

ಮೀಟರ್‌ಬೋರ್ಡ್ | ಅನಗೋಳ, ಬೆಳಗಾವಿ

ಅದು ಸುಳ್ಳು ಅನ್ನಾಕ ಒಂದ ಕಾರಣ ಸಾಕು. 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಪ್ರಕಾರ, ಬಾಕಿ ಖರೇನ ಇದ್ದರೂ ಲೈನ್ ತೆಗಿಯೂಕಿಂತ ಮೊದಲ ಕಡಿಮಿ ಅಂದ್ರ ಪೂರ್ತಿ 15 ದಿನದ ಲಿಖಿತ ನೋಟಿಸ್ ಕೊಡಬೇಕು. "ಇವತ್ತ ರಾತ್ರಿ" ಅನ್ನೋ ಮಾತ ಆ ಕಾಯ್ದೆದಾಗ ಇಲ್ಲ. ಸಂಶಯ ಬಂದ್ರ ಬಿಲ್ಲಿನ ಮ್ಯಾಲಿನ ಆರ್‌ಆರ್ ನಂಬರ್ ಹಿಡಕೊಂಡು ಹೆಸ್ಕಾಂನ 1912ಕ್ಕ ಫೋನ್ ಮಾಡ್ರಿ. ಮೆಸೇಜಿನಾಗ ಕೊಟ್ಟ ನಂಬರಿಗೆ ಅಲ್ಲ.

ಆ ನಂಬರಿಗೆ ಮಾಡಿದ್ರ ಅವ 10 ರೂಪಾಯಿ ಕಟ್ರಿ ಅಂತಾನ. ಅದಕ್ಕಂತ ಸ್ಕ್ರೀನ್ ತೋರಿಸೋ ಆಪ್ ಇಲ್ಲಾ ವಾಟ್ಸಾಪ್‌ನ್ಯಾಗ ಒಂದು ಎಪಿಕೆ ಫೈಲ್ (ಪ್ಲೇಸ್ಟೋರಿನ ಹೊರಗಿಂದ ಹಾಕೋ ಆಪ್) ಹಾಕಸ್ತಾನ. ಅವಗ ಬೇಕಾಗಿದ್ದು 10 ರೂಪಾಯಿ ಅಲ್ಲ, ಅದನ್ನ ಕಟ್ಟುವಾಗ ನೀವು ಒತ್ತೋ ಪಿನ್. ಓಟಿಪಿ ಕೇಳೂದ ಬ್ಯಾಡ, ಎಪಿಕೆಗೆ ಎಸ್‌ಎಂಎಸ್ ಓದಾಕ ನೀವ ಒಪ್ಪಿಗಿ ಕೊಟ್ಟಿರತೀರಿ.

ಹಾಕ್ಕೊಂಡು ಬಿಟ್ಟಿದ್ರ ಕೆಲಸದ ಸರದಿ ಬಾಳ ಮುಖ್ಯ. ಮೊದಲ ಆ ಫೋನ್ ಏರೋಪ್ಲೇನ್ ಮೋಡಿಗೆ ಹಾಕ್ರಿ, ವೈಫೈನೂ ಬಂದ್ ಮಾಡ್ರಿ. ಮನ್ಯಾಗಿನ ಬ್ಯಾರೆ ಫೋನಿನಿಂದ ಸೈಬರ್ ವಂಚನಿ ಸಹಾಯವಾಣಿ 1930ಕ್ಕ ಹಚ್ರಿ. ರೊಕ್ಕ ಮುಂದಿನ ಖಾತೆಗೆ ದಾಟೂದರೊಳಗ ತಡಿಯೂದು ಅಲ್ಲಿಂದನ. ಆಮ್ಯಾಲೆ ಬ್ಯಾಂಕಿನ ನಂಬರಿಗೆ ಮಾಡಿ ಯುಪಿಐ, ಕಾರ್ಡ್, ನೆಟ್ ಬ್ಯಾಂಕಿಂಗ್ ಮೂರೂ ನಿಲ್ಲಿಸ್ರಿ. ಆಪ್ ತೆಗಿಯೂದು ಕೊನಿಗೆ. ಬಾಳ ಮಂದಿ ಮೊದಲ ಅದನ್ನ ತೆಗಿಯಾಕ ಕುಂದರತಾರ, ಅಷ್ಟರಾಗ ಅರ್ಧಾ ತಾಸು ಹೋಗಿರತೈತಿ. ಕಡೀಕ ಸ್ಟಾರ್ ಹ್ಯಾಶ್ 21 ಹ್ಯಾಶ್ ಒತ್ತಿ ಕರೆ ಬ್ಯಾರೆ ಕಡೆ ತಿರುಗ್ಯಾವೇನು ನೋಡ್ರಿ. ತಿರುಗಿದ್ರ ಹ್ಯಾಶ್ ಹ್ಯಾಶ್ 002 ಹ್ಯಾಶ್ ಒತ್ತಿದ್ರ ಎಲ್ಲಾ ರದ್ದಾಗತಾವ.

ಸೆಕ್ಟರ್‌ಕಟ್ಟಿ

ಇನ್ನೊಂದು ಐತ್ರಿ. ಬಾಗಿಲಿಗೆ ಬಂದು "ನಿಮ್ಮ ಮೀಟರ್ ನಿಧಾನ ಓಡತೈತಿ, ದಂಡ ಬೀಳತೈತಿ, ಇಲ್ಲೇ ಮುಗಿಸೂಣು" ಅನ್ನೋರು. ಮತ್ತ ಇದರ ಉಲ್ಟಾ, "ಮೀಟರ್ ಜೋರ ಓಡತೈತಿ, ಈ ಪೆಟ್ಟಿಗಿ ಹಾಕ್ರಿ, ಬಿಲ್ ಅರ್ಧಾ ಆಗತೈತಿ" ಅಂತ ಮಾರೋರು.

ಮೀಟರ್‌ಬೋರ್ಡ್

ಆ ಪೆಟ್ಟಿಗಿಯೊಳಗ ಇರೋದು ಒಂದು ಸಣ್ಣ ಕೆಪಾಸಿಟರ್ ಮತ್ತ ಒಂದು ಎಲ್‌ಇಡಿ. ಅದು ಪವರ್ ಫ್ಯಾಕ್ಟರ್ ಬದಲಿಸೀತು. ಮನಿ ಮೀಟರ್ ಎಣಿಸೂದು ಕಿಲೋವ್ಯಾಟ್ ಅವರ್ (ಅಂದ್ರ ಯೂನಿಟ್), ಅದರ ಮ್ಯಾಲೆ ಏನೂ ಆಗಂಗಿಲ್ಲ. ದಂಡದ ಮಾತಿಗೆ ಒಂದ ಉತ್ತರ: ಲಿಖಿತ ಕೊಡ್ರಿ, ಆಫೀಸಿನಾಗ ಕಟ್ತೀನಿ. ನಗದು ಕೊಡಾಕ ಹೋಗಬ್ಯಾಡ್ರಿ.

ಮೀಟರ್ ಸರಿ ಐತೋ ಇಲ್ಲೋ ನೀವ ನೋಡಬಹುದು. ಮೀಟರಿನ ಮುಖದ ಮ್ಯಾಲೆ ಒಂದು ಯೂನಿಟ್ಟಿಗೆ ಇಷ್ಟು ಮಿಣುಕು ಅಂತ ಬರದಿರತೈತಿ, ಬಹುತೇಕ 3200 ಇಲ್ಲಾ 1600. ಮನಿಯ ಎಲ್ಲಾ ಎಂಸಿಬಿ (ಮೇನ್ ಬೋರ್ಡಿನ ಸ್ವಿಚ್ಚು) ಬಂದ್ ಮಾಡಿ, 2000 ವ್ಯಾಟಿನ ಗೀಸರಿಂದೊಂದ ಚಾಲೂ ಇಡ್ರಿ. 3200ರ ಮೀಟರ್ ಇದ್ರ 3 ನಿಮಿಷಕ್ಕ 320 ಮಿಣುಕು ಬರಬೇಕು, ಯಾಕಂದ್ರ 2 ಕಿಲೋವ್ಯಾಟ್ 3 ನಿಮಿಷ ಉರದ್ರ 0.1 ಯೂನಿಟ್. ಎಣಿಸಾಕ ಕಷ್ಟ ಆದ್ರ ಫೋನಿನಾಗ ವಿಡಿಯೊ ಮಾಡಿ ಆಮ್ಯಾಲೆ ನಿಧಾನ ಓಡಿಸಿ ಎಣಿಸ್ರಿ.

ಅದಕ್ಕೂ ಮೊದಲ, ಎಲ್ಲಾ ಬಂದ್ ಮಾಡಿದಾಗೂ ಮೀಟರಿನ ದೀಪ ಮಿಣಕತೈತೇನು ನೋಡ್ರಿ. ಮಿಣಕಿದ್ರ ಮೀಟರಿಂದ ಮುಂದ ಎಲ್ಲೋ ಕರೆಂಟ್ ಹೋಗಾಕತ್ತೈತಿ: ಸೋರೋ ವೈರ್, ಇಲ್ಲಾ ಪಕ್ಕದವರ ಜೋಡಣಿ.

ಘಟಪ್ರಭಾದಂಡಿ | ಗೋಕಾಕ

ಒಂದು ತಿದ್ದುಪಡಿ. ಗೀಸರಿನ 2000 ವ್ಯಾಟ್ ಅನ್ನೋದು 230 ವೋಲ್ಟಿನ ಲೆಕ್ಕ. ಸಂಜಿ ಹೊತ್ತು 210 ಬಂದ್ರ ಅದ ಗೀಸರ್ ಎಳಿಯೂದು 1670 ವ್ಯಾಟಿನ ಹತ್ತಿರ, ಮಿಣುಕು 267ಕ್ಕ ಇಳೀತಾವ. ಅದನ್ನ ನೋಡಿ ಮೀಟರ್ ನಿಧಾನ ಅಂತ ಗಾಬರಿ ಆಗಬ್ಯಾಡ್ರಿ. ವೋಲ್ಟ್ ನೋಡಿಕೊಂಡ ಲೆಕ್ಕ ಹಾಕಬೇಕು. ಈಗಿನ ಬಾಳ ಮೀಟರಿನಾಗ ಗುಂಡಿ ಒತ್ತಿದ್ರ ವೋಲ್ಟೇಜೂ ತೋರಸ್ತೈತಿ.

ಡೋಣಿದಂಡಿ | ವಿಜಯಪುರ

ನೀರಿನ ಫಿಲ್ಟರಿನ ಆಟ ಬರೀತೀನ್ರಿ. ಬಾಗಿಲಿಗೆ ಬಂದವ ಎರಡು ಗ್ಲಾಸ್ ಇಡತಾನ, ಒಂದರಾಗ ನಿಮ್ಮ ನಳದ ನೀರು, ಇನ್ನೊಂದರಾಗ ಅವನ ಮಶೀನಿನ ನೀರು. ಎರಡಕ್ಕೂ ಕಡ್ಡಿಗಳ ಒಂದು ಯಂತ್ರ ಇಳಿಸಿ ಕರೆಂಟ್ ಕೊಡತಾನ. ಅರ್ಧ ನಿಮಿಷದಾಗ ನಳದ ನೀರು ಹಳದಿ, ಆಮ್ಯಾಲೆ ಕಂದು, ಮ್ಯಾಲೆ ಕೊಳಕು ನೊರಿ. ಅವನ ನೀರು ಹಂಗೇ ಇರತದ. "ಇದನ್ನ ಕುಡೀತೀರಿ ನೋಡ್ರಿ ಅಕ್ಕಾರ" ಅಂತಾನ.

ಆ ಬಣ್ಣ ನೀರಿಂದಲ್ಲ, ಕಡ್ಡೀದು. ಒಂದು ಕಡ್ಡಿ ಕಬ್ಬಿಣದ್ದು. ನೀರಿನಾಗ ಉಪ್ಪಿನಂಶ ಇದ್ರ ಕರೆಂಟ್ ಹರೀತದ, ಕಬ್ಬಿಣ ಕರಗಿ ತುಕ್ಕಾಗಿ ತೇಲತದ. ಅವನ ಆರ್‌ಒ (ಲವಣ ತೆಗಿಯೋ) ಮಶೀನಿನ ನೀರಿನಾಗ ಲವಣ ಕಡಿಮಿ, ಕರೆಂಟ್ ಹರಿಯೂದಿಲ್ಲ, ಅದಕ್ಕ ಬಣ್ಣಾನೂ ಬರೂದಿಲ್ಲ. ಅವನ ಗ್ಲಾಸಿಗೆ ಒಂದು ಚಿಟಿಕಿ ಅಡಗಿ ಉಪ್ಪು ಹಾಕಿ ಮತ್ತ ಕಡ್ಡಿ ಇಳಿಸು ಅನ್ರಿ. ಅದೂ ಕಂದಾಗತದ. ಅಲ್ಲಿಗೆ ಮಾತು ಮುಗೀತದ.

ಟಿಡಿಎಸ್ (ನೀರಿನಾಗ ಕರಗಿದ ಲವಣ) ಲೆಕ್ಕ: ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ತನಕ ಸರಿ, ಬ್ಯಾರೆ ಮೂಲ ಇಲ್ಲದಿದ್ರ 2000 ತನಕ ನಡೀತದ. ಗಡಸುತನ 200, ಗತಿ ಇಲ್ಲದಿದ್ರ 600. ಊರಿನ ನಳಕ್ಕ ಕೃಷ್ಣಾ ನೀರು ಬರೋ ಮನಿಗೂ, ಸವಳು ಬೋರಿನ ಮನಿಗೂ ಒಂದೇ ಮಶೀನ್ ಮಾರತಾರ. ಟಿಡಿಎಸ್ ಮೀಟರ್ ಇಟ್ಟು ನೋಡಿದಾಗ 250–300 ತೋರಿಸೋ ನೀರಿಗೆ ಆರ್‌ಒ ಹಾಕಿದ್ರ ಒಂದು ಲೀಟರಿಗೆ ಎರಡು-ಮೂರು ಲೀಟರ್ ಗಟಾರಕ್ಕ ಹೋಗತದ. ಅಲ್ಲಿ ಕ್ಯಾಂಡಲ್ ಫಿಲ್ಟರ್, ಕಾರ್ಬನ್, ಯುವಿ (ಕ್ರಿಮಿ ಕೊಲ್ಲೋ ದೀಪ) ಸಾಕು.

ಮಶೀನ್ ಇದ್ದವರಿಗೆ ಮುಂದಿನ ಖರ್ಚು ಸರ್ವಿಸ್‌ನವಂದು. ಬಂದಾಗೊಮ್ಮೆ "ಮೆಂಬ್ರೇನ್ ಹೋಗ್ಯಾದ" ಅಂತಾನ (ಮೆಂಬ್ರೇನ್ ಅಂದ್ರ ಆರ್‌ಒ ಒಳಗ ಲವಣ ತಡಿಯೋ ಪೊರಿ). ಒಳಗ ಹೋಗೋ ನೀರು, ಹೊರಗ ಬರೋ ನೀರು ಎರಡರ ಟಿಡಿಎಸ್‌ನೂ ಅಳೀರಿ. 900 ಹೋಗಿ 90 ಬಂದ್ರ ಅದು ಶೇ. 90 ತಡೀಲಿಕತ್ತದ, ಮೆಂಬ್ರೇನ್ ಜೋರದ. 900 ಹೋಗಿ 250 ಬಂದ್ರ ಬದಲಿಸೋ ಹೊತ್ತು. ಆದ್ರ ಒಂದು ಹುಷಾರಿ: ಟಿಡಿಎಸ್ ಹೆಚ್ಚಸ್ಲಿಕ್ಕ ಒಂದು ಸಣ್ಣ ಸ್ಕ್ರೂ ಇರತದ, ಅದನ್ನ ತಿರುವಿ ನಳದ ನೀರು ಬೆರಸಿ "ನೋಡ್ರಿ, ಏರ್ಯಾದ" ಅಂತ ತೋರಸ್ತಾರ. ಅಳಿಯೂದು ಮಶೀನಿನ ನಳದ ತುದೀಗ ಅಲ್ಲ, ಮೆಂಬ್ರೇನಿನಿಂದ ಹೊರಗ ಬರೋ ಪೈಪ್ ಬಿಚ್ಚಿ. ನೀರು ಸಣ್ಣಗೆ ಬರಲಿಕತ್ತದ ಅಂದ್ರ ಮೊದಲ ಸೆಡಿಮೆಂಟ್ ಫಿಲ್ಟರ್ (ಮಣ್ಣು-ಕಸ ತಡಿಯೋದು) ನೋಡ್ರಿ. ಅಗ್ಗದ ಭಾಗ, 6ರಿಂದ 12 ತಿಂಗಳಿಗೆ ತುಂಬತದ. ಅದನ್ನ ಬದಲಿಸದೇ ಬಿಟ್ಟದ್ದಕ್ಕ ಎರಡು-ಮೂರು ವರ್ಷ ಬಾಳಬೇಕಾದ ಮೆಂಬ್ರೇನ್ ಒಂದ ವರ್ಷಕ್ಕ ಸಾಯತದ.

ವರ್ಷದ ಕರಾರಿನಾಗ ಮೆಂಬ್ರೇನ್, ಪಂಪ್, ಎಸ್‌ಎಂಪಿಎಸ್ (ಮಶೀನಿಗೆ ಕರೆಂಟ್ ಕೊಡೋ ಅಡಾಪ್ಟರ್) ಈ ಮೂರರ ಹೆಸರು ಬರದಿರಬೇಕು. "ಎಲ್ಲಾ ಬರತದ್ರಿ" ಅನ್ನೋ ಮಾತಿನಾಗ ಇವು ಮೂರೂ ಬರೂದಿಲ್ಲ.

ಹುನಗುಂದಹೊಲ | ಹುನಗುಂದ

ಟಿಡಿಎಸ್ ಕಡಿಮಿ ಐತಿ ಅಂತ ನೀರು ಒಳ್ಳೇದು ಅನ್ನಾಕ ಬರಂಗಿಲ್ರಿ, ಇದನ್ನೂ ಬರೀಬೇಕು. ನಮ್ಮ ಕಡೆ ಬೋರಿನಾಗ ಫ್ಲೋರೈಡ್ ಸಿಗತೈತಿ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಗತಿ ಇಲ್ಲದಿದ್ರ 1.5. ಟಿಡಿಎಸ್ ಮೀಟರಿಗೆ ಅದು ಕಾಣಂಗಿಲ್ಲ, ಯಾಕಂದ್ರ ಅದು ಅಳಿಯೂದು ಕರೆಂಟ್ ಎಷ್ಟು ಹರೀತೈತಿ ಅನ್ನೋದಷ್ಟ. ಕುದಿಸಿದ್ರೂ ಹೋಗಂಗಿಲ್ಲ, ಕ್ಯಾಂಡಲ್, ಯುವಿಗೂ ಜಗ್ಗಂಗಿಲ್ಲ. ಬೋರಿನ ನೀರು ಕುಡಿಯೋರು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕ ಒಂದು ಲೀಟರ್ ಬಾಟ್ಲಿ ಒಯ್ದು ಫ್ಲೋರೈಡ್, ನೈಟ್ರೇಟ್ ಎರಡೂ ಬರೆಸಿ ತರ್ರಿ. ಮಶೀನ್ ಬೇಕೋ ಬ್ಯಾಡೋ ಅನ್ನೋದು ಆ ಚೀಟಿ ನೋಡಿ. ಮಾರೋನ ಕಡ್ಡಿ ನೋಡಿ ಅಲ್ಲ.

ಜಲನಗರಪಂಪ್ | ವಿಜಯಪುರ

ಬೋರ್. ಒಂದ ರಾತ್ರಿಯೊಳಗ ಅತಿ ಹೆಚ್ಚು ರೊಕ್ಕ ಹೋಗೋ ಕೆಲಸ ಇದ, ಅದಕ್ಕ ಉದ್ದ ಬರೀತೀನಿ.

ಮೊದಲ ದರದ ಮಾತು. 300 ಅಡಿ ತನಕ ಒಂದು ದರ, ಆಮ್ಯಾಲೆ ಪ್ರತಿ 100 ಅಡಿಗೆ ಇಷ್ಟು ಏರಿಕಿ ಅಂತ ಹೇಳತಾರ. ಬಾಯಿಲೆ ಹೇಳದೇ ಬಿಡೋದು ಒಂದದ: ಏರಿದ ದರ ಆ 100 ಅಡಿಗಷ್ಟ ಏನು, ಮೊದಲಿನ ಅಡಿಯಿಂದನ ಏನು? ಲೆಕ್ಕಕ್ಕ ಅಡಿಗೆ 100 ರೂಪಾಯಿ, ಏರಿಕಿ 10 ಅಂತ ಹಿಡೀರಿ. 600 ಅಡಿಗೆ ಸರಿ ಲೆಕ್ಕ 30,000 ಕೂಡಿಸು 11,000 ಕೂಡಿಸು 12,000 ಕೂಡಿಸು 13,000, ಒಟ್ಟು 66,000. ಕಡೀ ದರ ಪೂರ್ತಿಗೆ ಹಚ್ಚಿದ್ರ 78,000. ಅದ ಮಾತು, ಅದ ತೂತು, ಫರಕು 12,000.

ಎರಡನೇದು ಅಡಿ ಎಣಿಕಿ. ಗಾಡಿ ನಿಂತ ಕೂಡ್ಲೆ ಒಂದು ರಾಡ್‌ಗೆ ಟೇಪ್ ಹಿಡೀರಿ. ಬಹುತೇಕ 20 ಅಡಿ, ಕೆಲವರದು 15. ಆಮ್ಯಾಲೆ ಒಬ್ಬರು ಅಲ್ಲೇ ಕುಂತು ಪ್ರತಿ ರಾಡ್ ಇಳಿದಾಗ ಗೋಡಿ ಮ್ಯಾಲೆ ಸುಣ್ಣದ ಗೆರಿ ಎಳೀಬೇಕು, ಐದಕ್ಕೊಮ್ಮೆ ಅಡ್ಡಗೆರಿ. ಕಡೀಕ ರಾಡ್ ಮ್ಯಾಲೆ ಎಳಿಯುವಾಗ ಮತ್ತೊಮ್ಮೆ ಎಣಿಸ್ರಿ. ಇಳಿಯುವಾಗ ಬಿಟ್ಟದ್ದು ಏರುವಾಗ ಸಿಗತದ. ನಡುರಾತ್ರಿ ಚಾ ಕುಡೀಲಿಕ್ಕ ಒಳಗ ಹೋದಾಗನ ಎರಡು ರಾಡ್ ಹೆಚ್ಚಾಗೂದು.

ಕೇಸಿಂಗ್ (ತೂತಿನ ಬಾಜು ಕುಸೀದಂಗ ಇಳಿಸೋ ಪೈಪ್) ದರ ಬ್ಯಾರೆ, ಅದನ್ನೂ ಎಣಿಸಿ ಇಳಿಸ್ರಿ. ನಮ್ಮ ಎರಿ ನೆಲದಾಗ ಮ್ಯಾಲಿನ ಮಣ್ಣು, ಕೆಳಗಿನ ಮೆತ್ತನ ಮುರುಮ (ಗರಸು) ದಾಟಿ ಗಟ್ಟಿ ಕಲ್ಲಿನೊಳಗ ಎರಡು-ಮೂರು ಅಡಿ ಪೈಪ್ ಕುಂದ್ರಬೇಕು. ಇಷ್ಟ ಸಾಕು ಅಂತ ಮುರುಮದಾಗ ನಿಲ್ಲಿಸಿದ್ರ ಆ ವರ್ಷ ಏನೂ ಆಗೂದಿಲ್ಲ. ಎರಡನೇ ಮಳಿಗಾಲಕ್ಕ ಕೆಸರು ಇಳಿದು ಮೋಟರ್ ಹಿಡಕೋತದ. ಪಿವಿಸಿ ಪೈಪಿನ ಮ್ಯಾಲೆ ಐಎಸ್ 12818 ಅಂತ ಅಚ್ಚಿರಬೇಕು. ಅದರೊಳಗ ಮೂರು ದರ್ಜಿ: ಸಿಎಸ್ 80 ಮೀಟರ್ ತನಕ, ಸಿಎಂ 250 ತನಕ, ಸಿಡಿ 450 ತನಕ. ಇದು ಕೇಸಿಂಗ್ ಇಳಿಸೋ ಆಳ, ಬೋರಿನ ಆಳ ಅಲ್ಲ. 60 ಅಡಿ ಕೇಸಿಂಗಿಗೆ ಸಿಡಿ ಹಾಕಸ್ತೀನಿ ಅನ್ನೋನು ಸುಮ್ಮನ ದರ ಏರಸ್ಲಿಕತ್ತಾನ. ಅಚ್ಚೇ ಇಲ್ಲದ ಪೈಪ್ ತಂದಾನಂದ್ರ ಗಾಡಿ ಚಾಲೂ ಆಗೂಕಿಂತ ಮೊದಲ ವಾಪಸ್ ಕಳಸ್ರಿ.

ಎಲ್ಲಿ ನಿಲ್ಲಿಸಬೇಕು ಅನ್ನೋದು ಮನಿಯವರ ಕೈಯಾಗಿರಬೇಕು. ಕರಿಕಲ್ಲಿನ ನೆಲದಾಗ ನೀರು ಸಿಗೂದು ಮ್ಯಾಲಿನ ಶಿಥಿಲ ಕಲ್ಲಿನಾಗ, ಬಿರುಕಿನಾಗ, ಒಂದು ಪದರಿಗೂ ಇನ್ನೊಂದು ಪದರಿಗೂ ನಡುವ. "ಇನ್ನೂ ನೂರ ಅಡಿ ಹೋದ್ರ ಗ್ಯಾರಂಟಿ" ಅನ್ನೋ ಮಾತಿಗೆ ಕಲ್ಲಿನಾಗ ಯಾವ ಆಧಾರಾನೂ ಇಲ್ಲ. ಪ್ರತಿ ರಾಡ್‌ಗೆ ಹೊರಗ ಬೀಳೋ ಪುಡಿ ಒಂದ ಮುಟಿಗಿ ಸಾಲಾಗಿ ಇಡ್ರಿ. ಇಟ್ಟಿಗಿ ಕೆಂಪಿನ ಪುಡಿ ಬಂದ್ರ ಅದು ಎರಡು ಪದರಿನ ನಡುವಿನ ಕೆಂಪು ಮಣ್ಣು, ನೀರು ತಾಕಿದ್ರ ಉಬ್ಬಿ ಕುಸೀತದ. ಅದು ಎಷ್ಟನೇ ಅಡಿಗೆ ಬಂತು ಅಂತ ಬರದಿಟ್ರ ಮುಂದ ಮೋಟರ್ ಇಳಿಸೋನಿಗೆ ಉಪಯೋಗ.

ನೀರು ಬೀಳದಿದ್ರ ಬಾಯಿ ಮುಚ್ಚೋ ಕ್ಯಾಪ್ ಮತ್ತ ಕಾಂಕ್ರೀಟ್ ಖರ್ಚು ಯಾರದು ಅಂತ ದರದ ಚೀಟಿಯಾಗ ಮೊದಲ ಬರೆಸ್ರಿ. 2024ರ ಏಪ್ರಿಲ್‌ದಾಗ ಇಂಡಿ ತಾಲೂಕಿನ ಲಚ್ಯಾಣದಾಗ ಕೂಸು ತೆರೆದ ಬೋರಿಗೆ ಬಿದ್ದು, ಇಪ್ಪತ್ತು ತಾಸು ಕಾರ್ಯಾಚರಣಿ ಆದಮ್ಯಾಲೆ ಜೀವಂತ ಸಿಕ್ತು. ಎಲ್ಲಾ ಊರಿನಾಗೂ ಹಂಗ ಸಿಗೂದಿಲ್ಲ.

ಹುನಗುಂದಹೊಲ

"ಎರಡು ಇಂಚು ನೀರು ಬಿದ್ದೈತಿ" ಅಂತಾರಲ್ರಿ, ಅದನ್ನ ಲೀಟರಿನಾಗ ಹೇಳ್ರಿ.

ಜಲನಗರಪಂಪ್

ಆ ಇಂಚು ಪೈಪಿಂದಲ್ಲ, ವಿ ಆಕಾರದ ಗಂಡಿಯಿಂದ್ದು. ಸಣ್ಣ ಕಟ್ಟಿ ಕಟ್ಟಿ, ಮ್ಯಾಲೆ 90 ಡಿಗ್ರಿ ವಿ ಕತ್ತರಿಸಿದ ತಗಡು ನಿಲ್ಲಿಸಿ, ಹಿಂದ ನೀರು ನಿಂತಮ್ಯಾಲೆ ಗಂಡಿಯ ತಳದಿಂದ ನೀರಿನ ಮಟ್ಟ ಎಷ್ಟು ಎತ್ತರ ಅಂತ ಅಳಿಯೂದು. 1 ಇಂಚಿಗೆ ತಾಸಿಗೆ ಸುಮಾರು 500 ಲೀಟರ್. 2 ಇಂಚಿಗೆ 2,900. 3 ಇಂಚಿಗೆ ಹತ್ತಿರ 8,000. ಇಂಚು ದುಪ್ಪಟ್ಟಾದ್ರ ನೀರು ಐದೂವರಿ ಪಟ್ಟು ಆಗತದ. ಅದಕ್ಕ ಒಂದೂವರಿ ಇದ್ದದ್ದನ್ನ ಎರಡು ಅಂದ್ರ ಸಣ್ಣ ಸುಳ್ಳಲ್ಲ, ಖರೇ ನೀರು ಅದರ ಅರ್ಧ.

ಏಜೆಂಟ್ ಬರೇ ಕಣ್ಣಿಲೆ ನೋಡಿ ಹೇಳತಾನ, ಅದೂ ಕಂಪ್ರೆಸರ್ ಗಾಳಿ ಒತ್ತಿ ನೀರು ಚಿಮ್ಮುವಾಗ. ಅಷ್ಟಕ್ಕ ನಂಬಿ 5 ಎಚ್‌ಪಿ ಮೋಟರ್ ತಂದ್ರ ಅರ್ಧ ತಾಸಿಗೆ ಬೋರ್ ಬತ್ತಿ ಮೋಟರ್ ಒಣಾ ಓಡತದ. ಬಾಡಗಿ ಮೋಟರ್ ಇಳಿಸಿ ನಾಕು ತಾಸು ಓಡಿಸಿ, 200 ಲೀಟರಿನ ಬ್ಯಾರಲ್ ಎಷ್ಟು ಹೊತ್ತಿಗೆ ತುಂಬತದ ನೋಡ್ರಿ. ನಾಕನೇ ತಾಸಿನ ಲೆಕ್ಕ ಖರೇ.

ಮೋಟರ್ ಸುಟ್ರ ರಿವೈಂಡಿಂಗ್‌ನ್ಯಾಗೂ ಒಂದದ. ತಾಮ್ರದ ತೂಕಕ್ಕ ದುಡ್ಡು ತಗೋತಾರ, ಹಳೇ ವೈರ್ ಅವರ ಕಡೇನ ಉಳೀತದ. ಬಿಚ್ಚಿದ ವೈರ್ ನಿಮ್ಮ ಎದುರ ತೂಗಿ ಅದರ ದರ ಬಿಲ್ಲಿನಾಗ ಕಳೀಬೇಕು. ಹೊಸ ವೈರಿನ ತುದಿ ಬ್ಲೇಡಿಲೆ ಕೆರೀರಿ. ಬೆಳ್ಳಗ ಹೊಳದ್ರ ಅಲ್ಯೂಮಿನಿಯಂ.

ಎರಿಮಣ್ಣು | ಅಥಣಿ

ಕಟ್ಟಡದ ಕಡೆ ಬರೂಣು. ಇಲ್ಲಿ ಮೋಸಕ್ಕಿಂತ ಬರದಿಡದ ಮಾತೇ ಹೆಚ್ಚು ರೊಕ್ಕ ತಿಂತೈತಿ.

ಎರಿ ನೆಲದಾಗ ಪಾಯ. ಕರಾರಿನಾಗ "5 ಅಡಿ ಫುಟಿಂಗ್" ಅಂತ ಇರತೈತಿ. ತೋಡಿದಾಗ 5 ಅಡಿಗೂ ಕರಿ ಮಣ್ಣ ಇದ್ರ ಮುರುಮ ಸಿಗೂತನಕ ಇಳೀಬೇಕು, ಇಲ್ಲಾಂದ್ರ ಬ್ಯಾಸಿಗ್ಯಾಗ ಮಣ್ಣು ಬಿರಿದು ಗೋಡಿ ಮೂಲಿಗೆ ಓರೆ ಬಿರುಕು ಬರತೈತಿ. ಹೆಚ್ಚಿನ 3 ಅಡಿಗೆ ಆವಾಗ ಕೇಳಿದಷ್ಟು ಕೊಡಬೇಕಾಗತೈತಿ, ಗುಂಡಿ ತೆರದು ನಿಂತಿರತೈತಲ್ಲ. ಕರಾರಿಗೆ ಮೊದಲ ಜೆಸಿಬಿಯಿಂದ ಪ್ಲಾಟಿನ ಎದುರು-ಬದರು ಎರಡು ಮೂಲ್ಯಾಗ ಗುಂಡಿ ತೆಗಸ್ರಿ, ಒಂದ ತಾಸಿನ ಬಾಡಗಿ. ಮುರುಮ ಎಷ್ಟಕ್ಕ ಸಿಕ್ತು ಅಂತ ಫೋಟೋದಾಗ ಟೇಪ್ ಇಟ್ಟು ತಗೊಂಡು, ಅದಕ್ಕಿಂತ ಹೆಚ್ಚಾದ್ರ ಅಡಿಗೆ ಇಷ್ಟು ಅಂತ ಈಗನ ಬರೆಸ್ರಿ.

ಕಬ್ಬಿಣದ ಸಳಿ. ಎಂಎಂದಾಗಿನ ವ್ಯಾಸವನ್ನ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದ್ರ ಮೀಟರಿಗೆ ಕಿಲೋ. 12 ಮೀಟರಿನ ಸಳಿ 8 ಎಂಎಂದು 4.74 ಕಿಲೋ, 10ದು 7.4, 12ದು 10.67, 16ದು 18.96. ಒಂದು ಟನ್ನಿಗೆ 12 ಎಂಎಂ ಸಳಿ 94ರ ಸುತ್ತಮುತ್ತ ಬರಬೇಕು. 102 ಬಂದ್ವು ಅಂತ ಖುಷಿ ಪಡಬ್ಯಾಡ್ರಿ. ಸಳಿ ತೆಳ್ಳಗ ಐತಿ ಅಂತ ಅರ್ಥ, ಎಂಜಿನಿಯರ್ ನಕಾಶದಾಗ ಎಣಿಸೂದು ಸಳಿನ, ತೂಕ ಅಲ್ಲ. ಒಂದ ಖೇಪಿನ ಸಳಿಗೆ ಐಎಸ್ 1786 (ಸಳಿಯ ಭಾರತೀಯ ಮಾನಕ) ಬಿಡೋ ತೂಕದ ಫರಕು 10 ಎಂಎಂ ತನಕ ಶೇ. 7, 16 ತನಕ ಶೇ. 5, ಅದರ ಮ್ಯಾಲಿನವಕ್ಕ ಶೇ. 3. ಬಿಡಿ ಸಳಿ ಲೆಕ್ಕದಾಗ ಕೊಂಡ್ರ ತೆಳು ಸಳಿಯ ನಷ್ಟ ನಿಮ್ಮ ಕಿಸೇಕ್ಕ, ತೂಕದಾಗ ಕೊಂಡ್ರ ನಿಮ್ಮ ಸ್ಲ್ಯಾಬಿಗೆ.

ಉಸುಕು ಬ್ರಾಸ್ ಲೆಕ್ಕ, ಅಂದ್ರ 100 ಘನ ಅಡಿ. ಇಳಿಸೂಕಿಂತ ಮೊದಲ ಟ್ರಾಲಿಯ ಒಳಗ ಟೇಪ್ ಹಿಡೀರಿ. ಉದ್ದ 10, ಅಗಲ 6 ಇದ್ರ ಸಮ ಮಾಡಿದ ಎತ್ತರ 1 ಅಡಿ 8 ಇಂಚು ಬರಬೇಕು. ನಡುವ ಗುಡ್ಡಿ ಮಾಡಿ ಅಂಚಿಗೆ ತಗ್ಗು ಬಿಟ್ಟಿರತಾರ, ಸಲಿಕಿಲೆ ಸಮ ಮಾಡಿಸ್ರಿ.

ಲೇಬರ್ ಕರಾರ್ ಅಷ್ಟ ಕೊಟ್ಟು ಸಾಮಾನು ನೀವ ತಂದ್ರ, ಒಂಟಿ ಮನಿಗೆ ಆ ಕೂಲಿ ಮ್ಯಾಲೆ ಜಿಎಸ್‌ಟಿ ಇಲ್ಲ. "ಜಿಎಸ್‌ಟಿ ಸೇರಿಸಿ ಕೊಡ್ರಿ" ಅಂತ ಕಚ್ಚಾ ಚೀಟಿ ಮ್ಯಾಲೆ ಬರದಿದ್ರ ಜಿಎಸ್‌ಟಿ ನಂಬರ್ ಇದ್ದ ಬಿಲ್ ಕೇಳ್ರಿ.

ಸಂಪ್ ಲೀಟರ್ ಲೆಕ್ಕದಾಗ ಕಟ್ಟಿಸ್ತೀರಿ. 6 ಅಡಿ, 6 ಅಡಿ, 5 ಅಡಿ ಅಂದ್ರ 5,100 ಲೀಟರ್ ಅಂತ ಬಿಲ್. ಓವರ್‌ಫ್ಲೋ ಪೈಪ್ ಅರ್ಧ ಅಡಿ ಕೆಳಗಿದ್ರ ನಿಲ್ಲೂದು 4,590. ಅಳತಿ ಪ್ಲಾಸ್ಟರ್ ಆದಮ್ಯಾಲೆ, ಒಳಗಿಂದ, ಓವರ್‌ಫ್ಲೋ ತನಕ.

ಘಟಪ್ರಭಾದಂಡಿ

ಉಸುಕಿನ ಲೆಕ್ಕದಾಗ ಹಸಿ ಬಿಟ್ರಿ ನೋಡ್ರಿ. ಟ್ರಾಲಿ ಅಳತಿ ಸರಿ ಇದ್ದರೂ ಹಸಿ ಉಸುಕು ಉಬ್ಬಿರತೈತಿ. ಒಂದು ನೆಟ್ಟಗಿನ ಗ್ಲಾಸಿನಾಗ ಉಸುಕು 10 ಸೆಂಟಿಮೀಟರ್ ಸಡಿಲಾಗಿ ತುಂಬ್ರಿ, ಮುಳುಗೂವಷ್ಟು ನೀರು ಹಾಕಿ ಕಡ್ಡಿಲೆ ಕದಡಿ ಬಿಡ್ರಿ. 8ಕ್ಕ ಇಳೀತಂದ್ರ ಉಬ್ಬು ಶೇ. 25, ನೀವು ಕೊಂಡ ಒಂದು ಬ್ರಾಸಿನಾಗ ಖರೇ ಉಸುಕು 80 ಘನ ಅಡಿ. ದರ ಚೌಕಾಶಿ ಮಾಡುವಾಗ ಗ್ಲಾಸ್ ಮುಂದಿಡ್ರಿ. ಎಂ-ಸ್ಯಾಂಡ್ ನೀರು ಸೋರಿಸ್ಕೋತ ಬಂದ್ರ ಇದು ಇನ್ನೂ ಬೇಕು.

ಎರಿಮಣ್ಣು

ಒಪ್ಪಿದೆ. ಕಾಂಕ್ರೀಟ್ ಕಲಸುವಾಗೂ ಅದ ಲೆಕ್ಕ. ಬುಟ್ಟಿ ಲೆಕ್ಕದಾಗ ಹಸಿ ಉಸುಕು ಹಾಕಿದ್ರ ಉಸುಕು ಕಡಿಮಿ ಬೀಳತೈತಿ.

ಟಿಳಕವಾಡಿಗೇಟ್ | ಬೆಳಗಾವಿ

ಬಾಡಿಗೆ ಜಾಹೀರಾತು ಹಾಕೋರಿಗೆ ಒಂದು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇದೆ, ಸಾಂಬ್ರಾದಲ್ಲಿ ವಾಯುಪಡೆ ಇದೆ. ಅದಕ್ಕೇ "ನಾನು ಆರ್ಮಿಯವ, ಬೆಳಗಾವಿಗೆ ಪೋಸ್ಟಿಂಗ್ ಆಗಿದೆ" ಅನ್ನುವ ಫೋನು ಇಲ್ಲಿ ಬೇರೆ ಊರಿಗಿಂತ ಬೇಗ ನಂಬಿಕೆ ಗಿಟ್ಟಿಸುತ್ತದೆ. ಮನೆ ನೋಡುವುದಿಲ್ಲ, ಬಾಡಿಗೆ ಚೌಕಾಶಿ ಇಲ್ಲ, ಗುರುತಿನ ಚೀಟಿಯ ಫೋಟೋ ತಾನಾಗಿಯೇ ಕಳಿಸುತ್ತಾನೆ. ಅಡ್ವಾನ್ಸ್ "ಮಿಲಿಟರಿ ಖಾತೆಯಿಂದ" ಬರಬೇಕು, ಅದಕ್ಕೆ ಮೊದಲು ನೀವು 1 ರೂಪಾಯಿ ಹಾಕಿ ಅನ್ನುತ್ತಾನೆ. ಆ 1 ರೂಪಾಯಿಗೆ 2 ವಾಪಸ್ ಬರುತ್ತದೆ, ಅದು ಗಾಳ. ಮುಂದಿನದು ಕ್ಯೂಆರ್ ಕೋಡ್.

ದುಡ್ಡು ಬರಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಕೇಳುವ ಪರದೆ ಬಂತೆಂದರೆ ದುಡ್ಡು ನಿಮ್ಮಿಂದ ಹೊರಡುತ್ತಿದೆ. ನಿಜವಾದ ಬಾಡಿಗೆದಾರ ಯಾರೇ ಆಗಿರಲಿ, ಮನೆಗೆ ಒಬ್ಬರನ್ನು ಕಳಿಸಿ ಬೀಗ ತೆಗೆಸಿ ನೋಡುತ್ತಾರೆ.

ಸೆಕ್ಟರ್‌ಕಟ್ಟಿ

ಗ್ಯಾಸಿಂದು ಯಾರೂ ಬರೀಲಿಲ್ಲ. ತಪಾಸಣಿ ಅಂತ ಬಂದವಗ ಏಜೆನ್ಸಿ ಹೆಸರು ಕೇಳಿ, ನಿಮ್ಮ ಗ್ಯಾಸ್ ಪುಸ್ತಕದಾಗಿನ ನಂಬರಿಗೆ ಫೋನ್ ಹಚ್ಚಿ ಖಾತ್ರಿ ಮಾಡ್ಕೊಳ್ರಿ. ಗ್ಯಾಸ್ ಪೈಪಿನ ಮ್ಯಾಲೆ ಐಎಸ್ 9573 ಮತ್ತ ತಯಾರಾದ ವರ್ಷ ಇರತೈತಿ. ಸಿಲಿಂಡರ್ ಕುತಗಿಯ ಪಟ್ಟಿ ಮ್ಯಾಲೆ ಖಾಲಿ ತೂಕ ಬರದಿರತೈತಿ, ಅದಕ್ಕ 14.2 ಕಿಲೋ ಕೂಡಿಸಿ ತೂಗಿಸ್ಕೊಳ್ರಿ. ತಕ್ಕಡಿ ತರೂದು ತರೋನ ಕೆಲಸ. ಅಲ್ಲೇ ಸಿ-27 ಹಿಂಗ ಒಂದು ಗುರುತು: ಎ, ಬಿ, ಸಿ, ಡಿ ಅಂದ್ರ ವರ್ಷದ ಮೂರು-ಮೂರು ತಿಂಗಳು, ಸಿ-27 ಅಂದ್ರ 2027ರ ಸಪ್ಟೆಂಬರಿಗೆ ಮರುಪರೀಕ್ಷೆ. ದಾಟಿದ್ರ ತಗೋಬ್ಯಾಡ್ರಿ. ಸೋರಿಕಿಗೆ 1906.

ಡೋಣಿದಂಡಿ

ಎಸಿ: "ಗ್ಯಾಸ್ ಖಾಲಿ ಆಗ್ಯಾದ, ತುಂಬತೀನಿ" ಅಂದ್ರ, ಎಲ್ಲಿ ಸೋರೂದು ತೋರಸು ಅನ್ರಿ. ಎಸಿ ಗ್ಯಾಸ್ ಪೆಟ್ರೋಲಿನಂಗ ಉರಿದು ತೀರೂದಿಲ್ಲ. ಸೋರೋ ಜಾಗ ಬೆಸೆದು, ನೈಟ್ರೋಜನ್ ಒತ್ತಡ ಹಾಕಿ ನಿಲ್ಲತದೇನು ನೋಡಿ, ವ್ಯಾಕ್ಯೂಮ್ ಎಳದು, ಹೊರಗಿನ ಯೂನಿಟ್ಟಿನ ಪಟ್ಟಿ ಮ್ಯಾಲೆ ಬರದಷ್ಟು ಗ್ರಾಂ ತೂಗಿ ತುಂಬಬೇಕು. ತಕ್ಕಡಿ ಇಲ್ಲದೇ ಬಂದವ ಅಂದಾಜಿಲೆ ತುಂಬತಾನ, ಮುಂದಿನ ಬ್ಯಾಸಿಗಿಗೆ ಮತ್ತ ಬರತಾನ. ಕಂಪನಿ ನಂಬರ್ ನೆಟ್ಟಿನಾಗ ಹುಡುಕಬ್ಯಾಡ್ರಿ, ವಾರಂಟಿ ಕಾರ್ಡಿನ ಮ್ಯಾಲಿಂದು ತಗೋರಿ.

ಇನ್ವರ್ಟರ್ ಬ್ಯಾಟರಿ: "24 ಕೂಡಿಸು 24 ತಿಂಗಳು" ಅಂದ್ರ 48 ತಿಂಗಳು ಪುಕ್ಕಟೆ ಅಲ್ಲ. ಮೊದಲ 24ಕ್ಕ ಬದಲಿ, ಮುಂದಿನ 24ಕ್ಕ ಎಂಆರ್‌ಪಿ ಮ್ಯಾಲೆ ರಿಯಾಯತಿ. ಅಂಗಡಿಯವ ಮೊದಲ ಎಂಆರ್‌ಪಿಗಿಂತ ಕಡಿಮಿಗೆ ಮಾರತಾನ, ಹಿಂಗಾಗಿ ಆ ರಿಯಾಯತಿಯಾಗ ಉಳಿಯೂದು ಅಷ್ಟಕ್ಕಷ್ಟ. ಹಳೇ ಬ್ಯಾಟರಿ ತೂಗಿ ಕೊಡ್ರಿ.

ಮೀಟರ್‌ಬೋರ್ಡ್

ಸೋಲಾರ್: ಪಿಎಂ ಸೂರ್ಯಘರ್ ಸಬ್ಸಿಡಿ 2 ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30,000, ಮೂರನೇದಕ್ಕ 18,000, ಅಲ್ಲಿಗೆ 78,000ಕ್ಕ ನಿಲ್ಲತೈತಿ. 5 ಕಿಲೋವ್ಯಾಟ್ ಹಾಕಿದ್ರೂ ಅಷ್ಟ. ರೊಕ್ಕ ನೇರ ನಿಮ್ಮ ಖಾತೆಗೆ ಬರತೈತಿ. ನೋಂದಣಿ ಫೀ ಅಂತ ಕೇಳೋನ್ನ ಬಾಗಿಲಿನಿಂದನ ಕಳಸ್ರಿ. ಸಬ್ಸಿಡಿಗೆ ದೇಶದಾಗ ತಯಾರಾದ ಸೆಲ್ಲಿನ ಪ್ಯಾನೆಲ್ ಇರಬೇಕು. ಕೊಟೇಶನ್ನಿನಾಗ ಡಿಸಿಆರ್ ಅಂತ ಬರೆಸಿ, ಪ್ಯಾನೆಲ್ ಹಿಂದಿನ ನಂಬರ್ ಫೋಟೋ ತಗೊಳ್ರಿ. ಎಸಿಗೊಂದು, ಡಿಸಿಗೊಂದು, ಸಿಡಿಲು ತಡೆಗೊಂದು, ಮೂರು ಅರ್ಥಿಂಗ್ ಬ್ಯಾರೆ ಬ್ಯಾರೆ ತೋಡಬೇಕು. ಒಂದ ಗುಂಡಿಗೆ ಮೂರೂ ಕಟ್ಟಿ ಹೋಗತಾರ. ಮತ್ತ ಗೃಹಜ್ಯೋತಿಯಾಗ ಶೂನ್ಯ ಬಿಲ್ ಬರೋ ಮನಿಗೆ "ನಾಕು ವರ್ಷಕ್ಕ ಹಾಕಿದ ರೊಕ್ಕ ವಾಪಸ್" ಅಂತ ಲೆಕ್ಕ ತೋರಿಸಿದ್ರ, ಕಟ್ಟದೇ ಇದ್ದ ಬಿಲ್ಲಿನಾಗ ಏನು ಉಳೀತೈತಿ ಅಂತ ಕೇಳ್ರಿ.

ಕಾಗದಪತ್ರ | ಜಮಖಂಡಿ

ಹಣ ಹೋದ ಮೇಲಿನ ದಾರಿ ಬರೆಯುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಸೇವೆ' ಎಂಬುದರೊಳಗೆ ಮನೆ ಕಟ್ಟುವ ಕೆಲಸವೂ ಸೇರಿದೆ. ಬೋರ್ ಕೊರೆಯುವುದು, ರಿಪೇರಿ ಎಲ್ಲವೂ ಹಣ ಪಡೆದು ಮಾಡುವ ಸೇವೆಯೇ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ದೊಡ್ಡ ಕಂಪನಿಗಳು ಅಲ್ಲಿಯೇ ಬಗ್ಗುತ್ತವೆ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಅಲ್ಲಿಯೇ ಕೇಳುತ್ತಾರೆ. 5 ಲಕ್ಷದ ತನಕ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಕಂಪನಿ ಎಲ್ಲಿಯದೇ ಆಗಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು, ಇ-ಜಾಗೃತಿ ಪೋರ್ಟಲ್ ಮೂಲಕವೂ ಆಗುತ್ತದೆ. ಗಡುವು 2 ವರ್ಷ.

ಬಿಲ್ ಕೊಡದಿರುವುದೇ ಈ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದಿರುವುದೂ ಅದೇ.

ಬ್ಯಾಂಕಿನ ಹಣದ ವಿಷಯ ಬೇರೆ. ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದ ಪ್ರಕಾರ ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ಪಿನ್, ಓಟಿಪಿ ನೀವೇ ಕೊಟ್ಟಿದ್ದರೆ ತಿಳಿಸುವ ತನಕದ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಹಾಗಾಗಿ ಕರೆ ಮಾಡಿದ ಹೊತ್ತು, ದೂರಿನ ಸಂಖ್ಯೆ ಎರಡನ್ನೂ ಬರೆದಿಡಿ.

ಹುನಗುಂದಹೊಲ

ಬೋರ್ ಏಜೆಂಟ್ ಚೀಟಿಗೆ ಸಹಿ ಮಾಡಂಗಿಲ್ಲ ಅಂತಾನ್ರಿ. "ನಮ್ಮ ಲೈನಿನಾಗ ಮಾತಂದ್ರ ಮಾತು" ಅಂತಾನ. ಅವಾಗ?

ಕಾಗದಪತ್ರ

ಸಹಿ ಬೇಡ. ಗಾಡಿ ಹೊರಡುವ ಮುನ್ನ ಅವರ ನಂಬರಿಗೆ ವಾಟ್ಸಾಪ್‌ನಲ್ಲಿ ಹೀಗೆ ಕಳಿಸಿ: "ಅಣ್ಣಾರ, ಮಾತಾಡಿದಂತೆ 300 ಅಡಿ ತನಕ ಅಡಿಗೆ ಇಷ್ಟು, ಮೇಲಿನ ಪ್ರತಿ 100 ಅಡಿಗೆ ಇಷ್ಟು ಏರಿಕೆ, ಅದು ಆ 100 ಅಡಿಗೆ ಮಾತ್ರ. ಕೇಸಿಂಗ್ ಐಎಸ್ 12818, ಅಡಿಗೆ ಇಷ್ಟು. ರಾಡ್ ನಾವು ಎಣಿಸುತ್ತೇವೆ. ನೀರು ಬೀಳದಿದ್ದರೆ ಕ್ಯಾಪ್ ನಿಮ್ಮದು. ಸರಿ ಇದ್ದರೆ ಗಾಡಿ ಕಳಿಸಿ." 'ಓಕೆ' ಬಂದರೆ ಒಳ್ಳೆಯದು. ಉತ್ತರ ಬರದೇ ಗಾಡಿ ಬಂದರೂ ಆ ಮಾತಿಗೆ ಬಲ ಇದೆ. ಮುಂಗಡವನ್ನು ನಗದಾಗಿ ಕೊಡದೆ ಅದೇ ನಂಬರಿಗೆ ಯುಪಿಐ ಮಾಡಿ, ಷರಾದಲ್ಲಿ 'ಬೋರ್ ಮುಂಗಡ' ಎಂದು ಬರೆಯಿರಿ.

ಆ ಸಂಭಾಷಣೆ ಅಳಿಸಬೇಡಿ, ಫೋನ್ ಬದಲಿಸಿದರೆ ಹಳೆಯ ಫೋನ್ ಮಾರಬೇಡಿ. ಮುಂದೆ ಸಾಕ್ಷ್ಯವಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಅದರಲ್ಲಿ ಯಾವ ಸಾಧನದಿಂದ ಪ್ರತಿ ತೆಗೆದದ್ದು ಎಂದು ಬರೆಯಬೇಕು.

ಜಲನಗರಪಂಪ್

"ರಾಡ್ ನಾವು ಎಣಿಸುತ್ತೇವೆ" ಅನ್ನೋ ಸಾಲು ಮೊದಲ ಹಾಕ್ರಿ ವಕೀಲ ಸಾಹೇಬ್ರ. ಅದನ್ನ ಓದಿದಮ್ಯಾಲೆ ಅರ್ಧ ಏಜೆಂಟರು "ಗಾಡಿ ಬ್ಯಾರೆ ಊರಾಗದ" ಅಂತಾರ.